ಸೇಬಿನ ಮರದ ಹದಿನೇಳು ಹಲ್ಲು

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಜನವರಿ 12, 2025

ಶೀನಣ್ಣನಿಗೂ ಗುಲಾಬಕ್ಕನಿಗೂ ಜಯರಾಮುವಿನ ನಮಸ್ಕಾರ.

ನಾಲ್ಕು ವರ್ಷ ಬರೀ ಕ್ರಿಸ್‌ಮಸ್ ಕಾರ್ಡು ಕಳಿಸಿಕೊಂಡಿದ್ದವನು ಕೆಲಸ ಬಿದ್ದಾಗ ಪತ್ರ ಬರೆಯುತ್ತಾನೆ ಎಂದು ಶೀನಣ್ಣ ಬೈಯಲಿ. ಬೈಸಿಕೊಂಡೇ ಕೇಳುತ್ತೇನೆ: ಹದಿನೇಳು ಹಲ್ಲು ಬೇಕು. ಸೇಬಿನ ಮರದವು. ನೀವೇ ಮಾಡಿದವು.

ನಾನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವ ಗಾಳಿಗಿರಣಿಯ ವಿಷಯ ನಿಮಗೆ ಗೊತ್ತಲ್ಲ. ಕ್ರ್ಯಾನ್‌ಬರಿ ದಾಟಿ ಪ್ಲೋವರ್ ಹಿಲ್ ಎಂಬ ಪುಟ್ಟ ಟೌನ್‌ಶಿಪ್ಪಿನಲ್ಲಿದೆ. ಶೀನಣ್ಣ ಬಡಗಿಯಾಗಿ ದುಡಿದ ನಿಮ್ಮ ಡನ್‌ಮಾರ್ಶ್ ಗಿರಣಿಯನ್ನು ಕಟ್ಟಿದವನ ತಮ್ಮನೇ ಸಫಕ್‌ನಿಂದ ಹಡಗು ಹತ್ತಿ ಬಂದು 1817ರಲ್ಲಿ ಇದನ್ನು ಕಟ್ಟಿದ್ದು. ಅಣ್ಣನ ಅಳತೆಯನ್ನು ಒಂದಿಂಚೂ ಬದಲಿಸಿಲ್ಲ. ಅದೇ ನಾಲ್ಕಡಿಯ ಇಟ್ಟಿಗೆ ಪಾಯ, ಅದರ ಮೇಲೆ ಒಳಕ್ಕೆ ವಾಲಿದ ಎಂಟು ಓಕ್ ಕಂಬ, ಹೊರಗೆ ಹಲಗೆಯ ಹೊದಿಕೆ, ತಲೆಯ ಮೇಲೆ ಕವುಚಿ ಹಾಕಿದ ದೋಣಿಯಂಥ ಟೋಪಿ. ಹಿಂದಿನ ಉದ್ದನೆಯ ತೊಲೆಯನ್ನು ತಳ್ಳಿದರೆ ಟೋಪಿಯೂ ನಾಲ್ಕು ರೆಕ್ಕೆಗಳೂ ಗಾಳಿ ಬಂದತ್ತ ತಿರುಗುತ್ತವೆ. ನಲವತ್ತು ವರ್ಷ ಈ ರಾಜ್ಯದ ಸೇತುವೆಗಳನ್ನು ತಪಾಸಣೆ ಮಾಡಿದವನು ಹೇಳುತ್ತೇನೆ, ಭಾರವನ್ನು ಇಷ್ಟು ಮರ್ಯಾದೆಯಿಂದ ನೆಲಕ್ಕಿಳಿಸುವ ಕಟ್ಟಡವನ್ನು ನಾನು ನೋಡಿಲ್ಲ.

ಅಕ್ಟೋಬರ್ ಇಪ್ಪತ್ತರ ಬಿರುಗಾಳಿಯಲ್ಲಿ, ರೆಕ್ಕೆಯ ಅಚ್ಚಿಗೆ ಕೂರಿಸಿದ ದೊಡ್ಡ ಚಕ್ರದ ಐವತ್ತೊಂಬತ್ತು ಹಲ್ಲುಗಳಲ್ಲಿ ಹದಿನೇಳು ಮುರಿದವು. ಐವತ್ತೊಂಬತ್ತೇ ಏಕೆ ಎಂದು ನಾನು 1983ರಲ್ಲಿ, ನಿಮ್ಮ ಇಪ್ಸ್‌ವಿಚ್ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾಗ, ಕೇಳಿದ್ದೆ. ಶೀನಣ್ಣ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅರವತ್ತು ಹಾಕಿದ್ರೆ ಅದೇ ಹಲ್ಲು ಅದೇ ಹಲ್ಲನ್ನೇ ಕಚ್ಚಿಕೊಂಡು ಸವೀತದೆ ಮಾರಾಯ. ಒಂದು ಕಮ್ಮಿ ಹಾಕು. ಎಲ್ಲರೂ ಎಲ್ಲರ ಹತ್ರಾನೂ ಒಮ್ಮೆ ಜಗಳ ಆಡ್ಲಿ."

ಈಗ ಅವಸರ ಏಕೆಂದರೆ ಗಿರಣಿಯ ಎದುರಿನ ಜೋಳದ ಹೊಲವನ್ನು ಒಂದು ಕಂಪನಿ ಗೋದಾಮಿಗಾಗಿ ಕೊಂಡಿದೆ. ಅರವತ್ತಡಿ ಎತ್ತರ. ನೈಋತ್ಯದ ಗಾಳಿಗೆ ಸರಿಯಾಗಿ ಅಡ್ಡ. ಟೌನ್‌ಶಿಪ್ಪಿನಲ್ಲಿ 1974ರ ಒಂದು ನಿರ್ಣಯವಿದೆ. ಗಿರಣಿ ಗಾಳಿಯಿಂದ ತಿರುಗುತ್ತಿರುವವರೆಗೆ ಅದರ ಸುತ್ತ ಆರುನೂರು ಅಡಿಯೊಳಗೆ ಮೂವತ್ತಡಿ ಮೀರಿದ ಕಟ್ಟಡ ಕೂಡದು. ಅದು ಎಲ್ಲರಿಗೂ ಮರೆತಿತ್ತು, ನನಗೆ ಮರೆತಿರಲಿಲ್ಲ. ಜೂನ್ ಹದಿನೇಳಕ್ಕೆ ಪ್ಲಾನಿಂಗ್ ಬೋರ್ಡ್ ಸಭೆ. ಅದಕ್ಕೆ ಮುಂಚೆ ಅವರ ಇನ್ಸ್‌ಪೆಕ್ಟರ್ ಬಂದು ನೋಡುತ್ತಾನೆ. ಅವನ ಕಣ್ಣೆದುರು ರೆಕ್ಕೆ ತಿರುಗಿದರೆ ಗೋದಾಮು ಇಲ್ಲ. ತಿರುಗದಿದ್ದರೆ ಗಿರಣಿ ಇಲ್ಲ.

ಹಲ್ಲಿನ ಅಚ್ಚನ್ನು ಟ್ರೇಸಿಂಗ್ ಕಾಗದದಲ್ಲಿ ತೆಗೆದು ಲಗತ್ತಿಸಿದ್ದೇನೆ.

ಇಂತು,
ಜಯರಾಮು


ಡನ್‌ಮಾರ್ಶ್, ಸಫಕ್
ಜನವರಿ 30, 2025

ಪ್ರೀತಿಯ ಜಯರಾಮಣ್ಣ,

ವಯಸ್ಸಿನಲ್ಲಿ ನಾನೇ ದೊಡ್ಡವಳಾದರೂ ನಿಮ್ಮನ್ನು ಅಣ್ಣ ಎಂದೇ ಕರೆದು ಅಭ್ಯಾಸ. ನಿಮ್ಮ ಪತ್ರವನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. "ಜನ ಕಬ್ಬಿಣ ಹಾಕ್ಕೊಳ್ಳುವ ಕಾಲದಲ್ಲಿ ಇವನಿಗೆ ಸೇಬಿನ ಮರವೇ ಬೇಕಂತೆ. ಎಂಥ ಹಠ ಇವನದ್ದು!" ಎಂದರು. ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನ ಗಂಜಿಗೆ ಎರಡನೇ ಸಲ ಉಪ್ಪಿನಕಾಯಿ ಕೇಳಿದರು.

ಮರ ಇದೆ. ಆರು ವರ್ಷದ ಹಿಂದೆ ಹಿತ್ತಲಲ್ಲಿ ಬಿದ್ದ ಸೇಬಿನ ಮರವನ್ನು ಸೀಳಿ ಒಣಗಲು ಇಟ್ಟಿದ್ದರು. ಯಾರಿಗೆ ಎಂದು ಕೇಳಿದರೆ "ಯಾರಾದ್ರೂ ಕೇಳ್ತಾರೆ" ಎನ್ನುತ್ತಿದ್ದರು. ಶೆಡ್ಡಿನಲ್ಲಿ ಚಳಿ ಎಂದು ಬೆಂಚನ್ನು ಅಡುಗೆಮನೆಗೇ ತರಿಸಿದ್ದೇನೆ. ಕೂತುಕೊಂಡೇ ಕೆಲಸ ಮಾಡುತ್ತಾರೆ. ಸ್ವಲ್ಪ ಏದುಸಿರು, ಚಳಿಗಾಲ ತಾನೆ. ಈ ಮನೆಗೆ ಬಂದ ಮೇಲೆ ನೀವು ಬಂದೇ ಇಲ್ಲ. ಕಿಟಕಿ ತೆರೆದರೆ ಗಿರಣಿ ಕಾಣುತ್ತದೆ.

ಫೋನ್ ಮಾಡಬೇಡಿ. ಅವರಿಗೆ ಕಿವಿ ಮಂದ, ಕೂಗಿದರೆ ಕೆಮ್ಮು ಬರುತ್ತದೆ. ಪತ್ರವೇ ಒಳ್ಳೆಯದು, ಪುನಃ ಪುನಃ ಓದಿ ಹೇಳಬಹುದು.

ಗುಲಾಬಿ


ಓಲ್ಡ್ ಬ್ರಿಡ್ಜ್
ಫೆಬ್ರುವರಿ 22, 2025

ಶೀನಣ್ಣ, ಗುಲಾಬಕ್ಕ,

ಮರ ನಮಗಾಗಿಯೇ ಒಣಗುತ್ತಿತ್ತು ಎಂದು ತಿಳಿದು ಕಣ್ಣು ತುಂಬಿತು. ಇನ್ನು ಇಲ್ಲಿಯ ಅವಮಾನದ ಕತೆ ಕೇಳಿ.

ಕಂಪನಿಯ ವಕೀಲರು ಗಿರಣಿಯ ಬಗ್ಗೆ ತುಂಬಾ ಗೌರವವಿದೆ ಎನ್ನುತ್ತಾರೆ. ಗೌರವದ ಗುರುತಾಗಿ ಗೋದಾಮಿಗೆ 'ವಿಂಡ್‌ಮಿಲ್ ಲಾಜಿಸ್ಟಿಕ್ಸ್ ಪಾರ್ಕ್' ಎಂದು ಹೆಸರಿಡುತ್ತಾರಂತೆ. ಗೋಡೆಯ ಮೇಲೆ ಗಾಳಿಗಿರಣಿಯ ಚಿತ್ರ ಬರೆಸುತ್ತಾರಂತೆ. ಕತ್ತು ಹಿಸುಕಿ ಫೋಟೋಗೆ ಹಾರ ಹಾಕುವವರನ್ನು ಕತೆಗಳಲ್ಲಿ ಓದಿದ್ದೆ, ಅರ್ಜಿ ನಮೂನೆಯಲ್ಲಿ ಈಗ ನೋಡಿದೆ. 1983ರಲ್ಲಿ ಇದೇ ಟೌನ್‌ಶಿಪ್ಪು ಪಕ್ಕದ ರೈಲು ನಿಲ್ದಾಣವನ್ನು ಕೆಡವಿ ಅಲ್ಲೊಂದು ಹಿತ್ತಾಳೆಯ ಫಲಕ ನೆಟ್ಟಿತು. ಈಗ ಆ ಫಲಕವೂ ಇಲ್ಲ.

ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಇನ್ನೊಂದು ಆಯಿತು. ಬಿಸಿಬೇಳೆಬಾತ್ ಸಾಲಿನಲ್ಲಿ ಅಕ್ಷಿತಾ ಸಿಕ್ಕಳು. ಇಲ್ಲೇ ಹುಟ್ಟಿದ ಹುಡುಗಿ. ಭಾನುವಾರದ ತರಗತಿಯಲ್ಲಿ ಅವಳಿಗೆ ಅ ಆ ಇ ಈ ತಿದ್ದಿಸಿದವನು ನಾನೇ. ಈಗ ಜರ್ಸಿ ಸಿಟಿಯಲ್ಲಿ ಇಂಜಿನಿಯರು.

"ಅಂಕಲ್, ಐ ಹ್ಯಾವ್ ಟು ಟೆಲ್ ಯು. ಆ ಪ್ಲೋವರ್ ಹಿಲ್ ಪ್ರಾಜೆಕ್ಟ್ ಇದ್ಯಲ್ಲಾ, ಅದರ ವಿಂಡ್ ಸ್ಟಡಿ ಮಾಡ್ತಿರೋದು ನಾನು."

"ಗಾಳಿಗೆ ಏನಾಗುತ್ತಂತಮ್ಮ?"

"ಮಾಡೆಲ್‌ನಲ್ಲಿ ಟ್ವೆಲ್ವ್ ಪರ್ಸೆಂಟ್ ಕಮ್ಮಿ ಆಗುತ್ತೆ, ಅಷ್ಟೇ."

"ಅರವತ್ತಡಿ ಗೋಡೆ ಮರೆಯಲ್ಲಿ ನಿಂತು ಗಾಳಿಪಟ ಹಾರಿಸಿದ್ದೀಯಾ?"

"ಅಂಕಲ್, ಐ ಜಸ್ಟ್ ರನ್ ದ ನಂಬರ್ಸ್."

ಹಿಂದಿನಿಂದ ನಮ್ಮ ಸುಬ್ಬು, "ಜಯರಾಮು, ಜಗಳ ಆಮೇಲೆ ಆಡಯ್ಯಾ, ಲೈನ್ ಮುಂದಕ್ಕೆ ಹೋಗ್ಲಿ, ಖಾರಾ ಬೂಂದಿ ಖಾಲಿ ಆಗ್ತಿದೆ" ಎಂದ. ನಾನು ಊಟ ಮಾಡದೆ ಮನೆಗೆ ಬಂದೆ.

ಮುರಿದ ಹಲ್ಲುಗಳಿಂದಾಗಿ ರೆಕ್ಕೆಗಳು ಸುಮ್ಮನೆ ನಿಂತಿವೆ. ನೋಡಲು ಬರುವ ಶಾಲೆಯ ಮಕ್ಕಳಿಗೆ ಶೀನಣ್ಣ ಕಲಿಸಿದ ರೆಕ್ಕೆಯ ಭಾಷೆಯನ್ನೇ ಹೇಳಿಕೊಡುತ್ತೇನೆ. ಗಿರಣಿಯ ಎದುರು ನಿಂತು ನೋಡಿ, ಮೇಲಿನ ರೆಕ್ಕೆ ನೆತ್ತಿಗೆ ಬರುವ ಮುಂಚೆ ಸ್ವಲ್ಪ ಬಲಕ್ಕೆ ನಿಂತಿದ್ದರೆ ಗಿರಣಿಯವರ ಮನೆಯಲ್ಲಿ ಮದುವೆಯೋ ಹೆರಿಗೆಯೋ ಆಗಿದೆ, ಸಂತೋಷ ಮೇಲೇರುತ್ತಿದೆ. ನೆತ್ತಿ ದಾಟಿ ಎಡಕ್ಕೆ ಜಾರಿ ನಿಂತಿದ್ದರೆ ಯಾರೋ ತೀರಿಕೊಂಡಿದ್ದಾರೆ. ಫೋನಿಲ್ಲದ ಕಾಲದಲ್ಲಿ ಹತ್ತು ಮೈಲಿಯವರೂ ಇದನ್ನು ಓದಿಕೊಳ್ಳುತ್ತಿದ್ದರು. ಮಕ್ಕಳು ಕಣ್ಣರಳಿಸಿ ಕೇಳುತ್ತವೆ. ಅವರ ಟೀಚರು ಫೋನ್ ನೋಡುತ್ತಿರುತ್ತಾಳೆ.

ಹಲ್ಲು ಎಷ್ಟಾದವು?

ಜಯರಾಮು


ಡನ್‌ಮಾರ್ಶ್
ಏಪ್ರಿಲ್ 2, 2025

ಜಯರಾಮಣ್ಣ,

ತಡವಾಯಿತು. ಹನ್ನೊಂದು ಆಗಿವೆ.

ಬರೆಯಲು ಕೂತರೆ ಕೈ ಓಡುತ್ತಿಲ್ಲ. ಒಂದು ಫೋಟೋ ಇಟ್ಟಿದ್ದೇನೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತೆಗೆದದ್ದು, ಮಂಜಿತ್ತು. ಗಿರಣಿಯ ಹುಡುಗರೇ ರೆಕ್ಕೆಯನ್ನು ಹಾಗೆ ನಿಲ್ಲಿಸಿದರು. ನೀವು ಓದಬಲ್ಲವರು, ನಾನು ಬರೆಯಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಗುಲಾಬಿ


ಓಲ್ಡ್ ಬ್ರಿಡ್ಜ್
ಏಪ್ರಿಲ್ 14, 2025

ಗುಲಾಬಕ್ಕ,

ಓದಿದೆ! ಲಕೋಟೆ ಒಡೆದ ಕೂಡಲೇ ಓದಿದೆ. ಮಂಜಿನಲ್ಲಿ ಬೇಲಿಯ ಮೇಲೆ ಕಪ್ಪಗೆ ನಾಲ್ಕು ರೆಕ್ಕೆ, ಮೇಲಿನದು ನೆತ್ತಿಗೆ ಬರುವ ಮುಂಚೆ ಬಲಕ್ಕೆ ನಿಂತಿದೆ. ಯಾರ ಮದುವೆ? ಇಲ್ಲವೇ ಮೊಮ್ಮಗಳು ನವ್ಯಾಳಿಗೆ ಮಗುವಾಯಿತೇ? ಸಂತೋಷದಲ್ಲಿ ಕೈ ಓಡದಿರುವುದು ಸಹಜ. ಶೀನಣ್ಣ ಮುತ್ತಜ್ಜನಾದರೆಂದು ನಾನು ಸುಬ್ಬುವಿನ ಮನೆಗೆ ಹೋಗಿ ಮೈಸೂರುಪಾಕು ಕೊಟ್ಟು ಬಂದೆ.

ಫೋಟೋವನ್ನು ಗಿರಣಿಯಲ್ಲಿ, ದೊಡ್ಡ ಚಕ್ರದ ಪಕ್ಕದ ಕಂಬಕ್ಕೆ ಮೊಳೆ ಹೊಡೆದು ಹಾಕಿದ್ದೇನೆ. ಕೆಲಸ ಮಾಡುವಾಗ ಎದುರಿಗಿರಲಿ, ಶುಭ.

ಇನ್ನು ಆರು ಹಲ್ಲು ತಾನೆ? ಅವಸರ ಮಾಡುತ್ತಿದ್ದೇನೆಂದು ಶೀನಣ್ಣ ಬೈದುಕೊಳ್ಳದಿರಲಿ. ಮೇ ಕೊನೆಯೊಳಗೆ ಬಂದರೆ ಸಾಕು. ಅವರಿಲ್ಲದೆ ಇದು ಆಗುವ ಕೆಲಸವಲ್ಲ ಎಂದು ಹೇಳಿ.

ಜಯರಾಮು


ಡನ್‌ಮಾರ್ಶ್
ಮೇ 20, 2025

ಜಯರಾಮಣ್ಣ,

ಹದಿನೇಳೂ ಕಳಿಸಿದ್ದೇನೆ. ಬಿಸಿಲಿಗೆ ಸೀಳದಂತೆ ಜೇನುಮೇಣ ಸವರಿ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ್ದೇನೆ. ಕೊನೆಯ ಆರು ಸ್ವಲ್ಪ ದಪ್ಪ. ಕೈ ಮೊದಲಿನಂತೆ ಬರುವುದಿಲ್ಲ. ಅರದಿಂದ ಉಜ್ಜಿ ಸರಿ ಮಾಡಿಕೊಳ್ಳಿ, ತಪ್ಪು ತಿಳಿಯಬೇಡಿ.

ಮಗುವಿನ ವಿಷಯ ಕೇಳಿದಿರಿ. ಮುಂದೆ ಬರೆಯುತ್ತೇನೆ. ಮೊದಲು ನಿಮ್ಮ ಸಭೆ ಮುಗಿಯಲಿ. ಗಿರಣಿ ತಿರುಗಲಿ.

ಗುಲಾಬಿ


ಓಲ್ಡ್ ಬ್ರಿಡ್ಜ್
ಜೂನ್ 20, 2025

ಶೀನಣ್ಣ, ಗುಲಾಬಕ್ಕ,

ತಿರುಗಿತು! ಜೂನ್ ಹದಿಮೂರು, ಶುಕ್ರವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ.

ಹನ್ನೊಂದು ಹಲ್ಲು ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೂತವು. ಬುಡದಲ್ಲಿ ಶೀನಣ್ಣನ ಪೆನ್ಸಿಲ್ ಅಂಕೆ, ಒಂದರಿಂದ ಹನ್ನೊಂದು, ಕನ್ನಡದಲ್ಲಿ. ಉಳಿದ ಆರಕ್ಕೆ ಅಂಕೆ ಹಾಕಲು ಮರೆತಿದ್ದೀರಿ, ಎಂಬತ್ತೆರಡಕ್ಕೆ ಅಷ್ಟೂ ಮರೆವು ಬೇಡವೇ? ಅವನ್ನು ಮೂರು ದಿನ ಉಜ್ಜಿದೆ. ನೈಋತ್ಯದಿಂದ ಗಾಳಿ ಬಂತು. ರೆಕ್ಕೆಯನ್ನು ಹಿಡಿದಿಟ್ಟ ತಡೆ ಬಿಟ್ಟೆವು. ಮೊದಲು ಏನೂ ಇಲ್ಲ, ಆಮೇಲೆ ಇಡೀ ಕಟ್ಟಡ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಎಂಟು ಕಂಬಗಳೂ ಮಾತಾಡಿದವು. ಮರಕ್ಕೆ ಮರ ಕಚ್ಚುವ ಆ ಟಪ್ ಟಪ್ ಸದ್ದು, ಕಬ್ಬಿಣಕ್ಕೆ ಬರುವುದಿಲ್ಲ. ಕೆಳಗೆ ಬೀಸುಗಲ್ಲಿನಿಂದ ಜೋಳದ ಹಿಟ್ಟು ಬೆಚ್ಚಗೆ ಬಿತ್ತು. ಸುಬ್ಬು ಅದನ್ನು ಮೂಸಿ, "ರೊಟ್ಟಿ ಮಾಡೋಣ್ವಾ?" ಎಂದ. ಎಪ್ಪತ್ತರ ಗಂಡಸರಿಬ್ಬರು ಅತ್ತೆವು.

ಸಭೆಯ ವಿವರ ಇನ್ನೊಮ್ಮೆ ಬರೆಯುತ್ತೇನೆ. ಇವತ್ತು ಇದಿಷ್ಟನ್ನೇ ಶೀನಣ್ಣನಿಗೆ ಓದಿ ಹೇಳಿ.

ಜಯರಾಮು


ಡನ್‌ಮಾರ್ಶ್
ಸೆಪ್ಟೆಂಬರ್ 18, 2025

ಜಯರಾಮಣ್ಣ,

ನಿಮ್ಮ ಜೂನ್ ಪತ್ರವನ್ನು ಗಟ್ಟಿಯಾಗಿ ಓದಿದೆ. ಟಪ್ ಟಪ್ ಎಂಬಲ್ಲಿ ಎರಡು ಸಲ ಓದಿದೆ. ಆಮೇಲೆ ನಿಮ್ಮಿಂದ ಏನೂ ಇಲ್ಲ. ಆರೋಗ್ಯವಾಗಿದ್ದೀರಾ? ಗಿರಣಿ ತಿರುಗುತ್ತಿದೆಯೇ?

ಗುಲಾಬಿ


ಓಲ್ಡ್ ಬ್ರಿಡ್ಜ್
ಅಕ್ಟೋಬರ್ 5, 2025

ಗುಲಾಬಕ್ಕ,

ಎಲ್ಲ ಚೆನ್ನಾಗಿದೆ. ತಿರುಗುತ್ತಿದೆ. ಈ ಸಲ ಗಾಳಿ ಒಳ್ಳೆಯದಿದೆ. ಶೀನಣ್ಣನಿಗೆ ನಮಸ್ಕಾರ.

ಜಯರಾಮು


ಓಲ್ಡ್ ಬ್ರಿಡ್ಜ್
ಫೆಬ್ರುವರಿ 8, 2026

ಗುಲಾಬಕ್ಕ,

ಅಕ್ಟೋಬರಿನ ಕಾರ್ಡಿನಲ್ಲಿ ನಾನು ಬರೆದದ್ದು ಸುಳ್ಳು.

ಇನ್ಸ್‌ಪೆಕ್ಟರ್ ಬಂದದ್ದು ಜೂನ್ ಹನ್ನೆರಡು, ಗುರುವಾರ. ಹದಿನೇಳು ಹಲ್ಲೂ ಕೂತಿದ್ದವು, ಕೀಲುಗಳಿಗೆಲ್ಲ ಎಣ್ಣೆ ಹಾಕಿಯಾಗಿತ್ತು. ಅಂದು ಒಂದು ಎಲೆ ಅಲುಗಲಿಲ್ಲ. ಅವನು ಒಳ್ಳೆಯವನೇ, ನಲವತ್ತು ನಿಮಿಷ ಕಾದ. ನಾನು ಆಕಾಶ ನೋಡುತ್ತಿದ್ದೆ. "ನಾಳೆ ಬನ್ನಿ" ಎಂದೆ. ಶುಕ್ರವಾರ ತನಗೆ ಬೇರೆ ಊರಿನ ಕೆಲಸ ಎಂದ. 'ತಿರುಗುತ್ತಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಹೋದ. ಮರುದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಏನಾಯಿತೆಂದು ನಿಮಗೆ ಬರೆದೆನಲ್ಲ, ಅದು ನಿಜ. ಅದರ ವಿಡಿಯೋವನ್ನು ಬೋರ್ಡಿನ ಮುಂದಿಟ್ಟೆ. ನಿಗದಿಯಾದ ದಿನದ ವರದಿಯೇ ದಾಖಲೆ ಎಂದರು. ನಿರ್ಣಯದ 'ಗಾಳಿಯಿಂದ ತಿರುಗುತ್ತಿರುವವರೆಗೆ' ಎಂಬ ಸಾಲನ್ನು ಓದಿ ಹೇಳಿದೆ, 1974ರಲ್ಲಿ ಅದನ್ನು ಬರೆದವರು ಗಾಳಿಯನ್ನು ಹೇಳಿದ ದಿನ ಹಾಜರಾಗುವ ನೌಕರನೆಂದು ತಿಳಿದಿರಲಿಲ್ಲ ಎಂದೆ. ಮೂರು ನಿಮಿಷವಾಯಿತೆಂದು ಮೈಕು ಆಫ್ ಮಾಡಿದರು. ಗೋದಾಮಿನ ಪರ ಐದು ಕೈ ಎದ್ದವು, ಒಂದು ಏಳಲಿಲ್ಲ. ಮುಗಿಯಿತು.

ಡಿಸೆಂಬರಿನಲ್ಲಿ ಗೋಡೆ ಎದ್ದಿತು. ಕಾಂಕ್ರೀಟಿನ ಹಲಗೆಗಳನ್ನು ಮಲಗಿಸಿ ಎರಕ ಹೊಯ್ದು ಎತ್ತಿ ನಿಲ್ಲಿಸುತ್ತಾರೆ, ಒಂದು ವಾರದ ಕೆಲಸ. ಗೋಡೆಗೂ ರೆಕ್ಕೆಗೂ ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ಅಪಾಯವೆಂದು ಟೌನ್‌ಶಿಪ್ಪಿನವರು ಟೋಪಿಗೆ ಬೋಲ್ಟ್ ಜಡಿದು, ರೆಕ್ಕೆಗೆ ಸರಪಳಿ ಬಿಗಿದರು. ಮುಖ ನೈಋತ್ಯಕ್ಕಿತ್ತು, ಹಾಗೆಯೇ ಜಡಿದರು. ತಪ್ಪು ಮಾಡಿದ ಮಗುವನ್ನು ಮೂಲೆಗೆ ನಿಲ್ಲಿಸಿದಂತೆ ಅದೀಗ ಗೋಡೆ ನೋಡಿಕೊಂಡು ನಿಂತಿದೆ.

ಶೀನಣ್ಣನ ಕೊನೆಯ ಕೆಲಸ ಹೀಗಾಯಿತೆಂದು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಸುಳ್ಳು.

ನಿನ್ನೆ ನನ್ನ ಸಲಕರಣೆ ತೆಗೆದುಕೊಂಡು ಹೋಗಲು ಕರೆದರು. ಕಂಬದಿಂದ ನಿಮ್ಮ ಫೋಟೋ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹತ್ತು ತಿಂಗಳು ಎದುರಿಗಿದ್ದರೂ ರೆಕ್ಕೆ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಮಂಜಿನಲ್ಲಿ, ಎಡಗಡೆ, ಚರ್ಚಿನ ಶಿಖರವಿದೆ. ನಿಂತ ಗಿರಣಿಯ ಮುಖ ಅಲ್ಲಿ ಯಾವಾಗಲೂ ನೈಋತ್ಯಕ್ಕೇ, ಅದರ ಎದುರು ನಿಂತರೆ ಶಿಖರ ಬಲಕ್ಕಿರಬೇಕು. ಡನ್‌ಮಾರ್ಶಿನ ಆ ಹೊಲದಲ್ಲಿ ನಿಂತು ನಾನೇ ಅದರ ಚಿತ್ರ ಬರೆದಿದ್ದೇನೆ.

ಈ ಫೋಟೋ ಹಿಂದಿನಿಂದ ತೆಗೆದದ್ದು ಅಲ್ಲವೇ, ಅಕ್ಕ?

ಹಿಂದಿನಿಂದ ಬಲಕ್ಕೆ ಕಂಡದ್ದು ಎದುರಿನಿಂದ ಎಡಕ್ಕೆ.

ನಾನು ಮೈಸೂರುಪಾಕು ಹಂಚಿದೆ.

ಜಯರಾಮು


ಡನ್‌ಮಾರ್ಶ್
ಮಾರ್ಚ್ 1, 2026

ಜಯರಾಮಣ್ಣ,

ಹೌದು. ಅಡುಗೆಮನೆಯ ಕಿಟಕಿಯಿಂದ ತೆಗೆದದ್ದು. ನಮ್ಮ ಮನೆ ಗಿರಣಿಯ ಬೆನ್ನಿಗಿದೆ. ಹದಿನಾಲ್ಕು ವರ್ಷ ಹಿಂದಿನಿಂದಲೇ ನೋಡಿದವಳಿಗೆ ಅದಕ್ಕೊಂದು ಎದುರು ಇದೆ ಎಂಬುದೇ ಮರೆತುಹೋಗಿತ್ತು.

ಇವರು ಹೋದದ್ದು ಕಳೆದ ಮಾರ್ಚ್ ಒಂಬತ್ತು, ಭಾನುವಾರ. ಶ್ವಾಸಕೋಶದ ಕಾಯಿಲೆ. ನಿಮ್ಮ ಮೊದಲ ಪತ್ರ ಬಂದಾಗಲೇ ಡಾಕ್ಟರು ತಿಂಗಳ ಲೆಕ್ಕ ಹೇಳಿ ಆಗಿತ್ತು. ನಿಮಗೆ ಬರೆಯಬಾರದೆಂದು ಇವರೇ ಹೇಳಿದರು: "ಅವನಿಗೆ ತಿಳಿದ್ರೆ ಹಲ್ಲು ಬೇಡ ಅಂತಾನೆ. ಮತ್ತೆ ನಾನು ಎಂಥ ಮಾಡುದು ಇಡೀ ದಿನ?" ಹನ್ನೊಂದನೆಯದನ್ನು ಶನಿವಾರ ಸಂಜೆ ಮುಗಿಸಿ ಮೇಣ ಸವರಿ ನನ್ನ ಕೈಗೆ ಕೊಟ್ಟರು.

ನಿಮ್ಮ ಏಪ್ರಿಲಿನ ಪತ್ರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅನಿಸಿತು, ಲೋಕದಲ್ಲಿ ಒಂದು ಮನೆಯಲ್ಲಾದರೂ ಇವರು ಇನ್ನೂ ಬೆಂಚಿನ ಮುಂದೆ ಕೂತಿದ್ದಾರೆ. ಇರಲಿ ಎಂದು ಬಿಟ್ಟೆ.

ಉಳಿದ ಆರು ನಾನು ಮಾಡಿದ್ದು. ಐವತ್ತೆರಡು ವರ್ಷ ಹೊಟ್ಟು ಗುಡಿಸಿದವಳು, ಉಳಿ ಹಿಡಿದದ್ದು ಅದೇ ಮೊದಲು. ಮೂರು ಕೆಟ್ಟವು, ಒಲೆಗೆ ಹಾಕಿದೆ. ಅಂಕೆ ಹಾಕುವುದು ಅವರ ಹಕ್ಕು, ಅದಕ್ಕೇ ಹಾಕಲಿಲ್ಲ. ನೀವು ಮೂರು ದಿನ ಉಜ್ಜಿದಿರೆಂದು ಓದಿ ನಾಚಿಕೆಯಾಯಿತು. ತಿರುಗಿತೆಂದು ಓದಿದಾಗ ನಾಚಿಕೆ ಹೋಯಿತು.

ಒಂದು ದಿನ ತಿರುಗಿತಲ್ಲ?

ಗುಲಾಬಿ


ಓಲ್ಡ್ ಬ್ರಿಡ್ಜ್
ಮಾರ್ಚ್ 29, 2026

ಗುಲಾಬಕ್ಕ,

ನಾಲ್ಕು ದಿನ ತಿರುಗಿತು. ಜೂನ್ ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಸಭೆಯ ನಂತರ ತಡೆ ಬಿಡಲು ಟೌನ್‌ಶಿಪ್ಪು ಒಪ್ಪಲಿಲ್ಲ. ನಿಮ್ಮ ಆರು ಹಲ್ಲುಗಳಲ್ಲಿ ಒಂದೂ ಸೀಳಲಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಟೌನ್‌ಶಿಪ್ಪಿಗೆ ಹೋಗಿ ಸರಪಳಿಯ ಬೀಗ ಒಂದು ಗಂಟೆ ತೆಗೆಯಲು ಕೇಳಿದೆ. ಕಾರಣ ಬರೆಯಿರಿ ಎಂದು ನಮೂನೆ ಕೊಟ್ಟರು. 'ಸಾವು' ಎಂದು ಬರೆದೆ. ಸಂಬಂಧ ಏನು ಎಂದು ಇನ್ನೊಂದು ಚೌಕವಿತ್ತು. ಅದನ್ನು ಖಾಲಿ ಬಿಟ್ಟದ್ದಕ್ಕೆ ಅರ್ಜಿ ಹಿಂದೆ ಬಂತು. ಯಾರಿಂದಲೋ ತಿಳಿದು ಅಕ್ಷಿತಾ ಫೋನ್ ಮಾಡಿದಳು. "ಅಂಕಲ್, ಆ ಬೀಗದ ಇನ್ನೊಂದು ಕೀ ಸೈಟಲ್ಲಿದೆ, ಐ ನೋ ಸಮ್‌ಒನ್" ಎಂದಳು. ಶನಿವಾರ ಬೆಳಿಗ್ಗೆ ಕೀಲಿ ಹಿಡಿದು ತಾನೇ ಬಂದಳು. ಸುಬ್ಬುವೂ ಬಂದಿದ್ದ.

ಗಾಳಿ ಇರಲಿಲ್ಲ. ಇದ್ದರೂ ಬರುವ ದಾರಿಯಿಲ್ಲ. ಮೂವರೂ ದೊಡ್ಡ ಚಕ್ರಕ್ಕೆ ಭುಜ ಕೊಟ್ಟೆವು.

"ವಿಚ್ ವೇ, ಅಂಕಲ್?"

"ನೆತ್ತಿ ದಾಟಿಸಬೇಕು ತಾಯಿ. ನಿಧಾನ. ಇನ್ನೊಂದು ಹಲ್ಲು. ಇನ್ನೊಂದು. ಸಾಕು."

ತಡೆ ಹಾಕಿದೆ. ಅವಳು ಅಲ್ಲೇ ನಿಂತು, "ಟ್ವೆಲ್ವ್ ಪರ್ಸೆಂಟ್ ಅಂತ ನಾನೇ ಸೈನ್ ಮಾಡ್ದೆ" ಎಂದಳು. ಬೈಯಲು ವರ್ಷವಿಡೀ ಮಾತು ಕೂಡಿಟ್ಟಿದ್ದೆ. ಬದಲಿಗೆ ಅವಳ ಕೈ ಹಿಡಿದು ನೋಡಿದೆ. ಅವಳ ಅಂಗೈಗೆ ಸಿಬಿರು ಚುಚ್ಚಿತ್ತು, ಸುಬ್ಬು ಕನ್ನಡಕ ಹಾಕಿಕೊಂಡು ತೆಗೆದ.

ಮತ್ತೆ ಸರಪಳಿ ಬಿಗಿದು ಬೀಗ ಹಾಕಿದೆವು. ಇನ್ನು ಯಾರೂ ಅದನ್ನು ಸರಿಸುವುದಿಲ್ಲ, ಸರಿಸಲು ಯಾರಿಗೂ ಕಾರಣವಿಲ್ಲ. ರಸ್ತೆಯಲ್ಲಿ ದಿನಕ್ಕೆ ನಾನೂರು ಲಾರಿ ಹೋಗುತ್ತವೆ. ಓಡಿಸುವವರಲ್ಲಿ ರೆಕ್ಕೆ ಓದಬಲ್ಲವರಿಲ್ಲ.

ನಿಮಗಾಗಿ ಫೋಟೋ ತೆಗೆಯಬೇಕೆಂದು ಎದುರಿಗೆ ಹೋದೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಚೌಕಟ್ಟಿನಲ್ಲಿ ಅರ್ಧ ರೆಕ್ಕೆ ಮಾತ್ರ ಬರುತ್ತದೆ. ಎದುರು ನಿಲ್ಲಲು ಜಾಗವೇ ಇಲ್ಲ. ಆದ್ದರಿಂದ ಹಿಂದಕ್ಕೆ ಬಂದು, ತೊಲೆಯ ಪಕ್ಕದಿಂದ ತೆಗೆದೆ. ಲಗತ್ತಿಸಿದ್ದೇನೆ. ಮೇಲಿನ ರೆಕ್ಕೆ ಬಲಕ್ಕೆ ಕಾಣುತ್ತದೆ, ನಿಮ್ಮ ಕಿಟಕಿಯಿಂದ ಕಂಡಂತೆಯೇ.

ಜಯರಾಮು